ಬೆಳೆಗೆ ಹೊಡೆಯೋ ಔಷಧಿ ಕುಡಿದವರ ಫಿಟ್ಸ್ ನಿಲ್ಲದೇ ಇದ್ದಾಗ: ಒದ್ದೆ ಪೇಶೆಂಟೋ, ಒಣ ಪೇಶೆಂಟೋ?

ಮೊನ್ನೆ ರಾತ್ರಿ ಕ್ಯಾಶುವಾಲ್ಟಿಗೆ ಒಬ್ಬ ರೈತರನ್ನ ಕರ್ಕೊಂಡು ಬಂದ್ರು, ಅವರ ಹೆಂಡತಿ "ಎಣ್ಣಿ ಕುಡದಾರ್ರೀ" ಅಂದ್ರು. ನಾನು ಮೈಸೂರು ಕಡೆಯವನು, ಎಣ್ಣೆ ಅಂದ್ರೆ ಸಾರಾಯಿ ಅನ್ಕೊಂಡೆ, ಕುಡಿತ ಬಿಟ್ಟಾಗ ಬರೋ ಫಿಟ್ಸ್ ಇರ್ಬೇಕು ಅಂತ ಬರೆಯೋಕೆ ಹೋದೆ. ಆಗ ಅವರು ಸೆರಗಲ್ಲಿ ಸುತ್ಕೊಂಡು ತಂದಿದ್ದ ಡಬ್ಬಿ ತೆಗೆದು "ಹತ್ತಿಗೆ ಹೊಡಿಯೋ ಎಣ್ಣಿರೀ, ಅಟ್ಟದ ಮ್ಯಾಲಿತ್ತು" ಅಂದ್ರು. ನಮ್ಮ ಕಡೆ ಔಷಧಿ ಅಂತೀವಲ್ಲ, ಆ ಕಡೆ ಅದೇ ಎಣ್ಣಿ. ಲೇಬಲ್ ಅರ್ಧ ಹರಿದಿತ್ತು, ಉಳಿದಿದ್ದರಲ್ಲಿ ಎಂಡೋಸಲ್ಫಾನ್ ಅಂತ ಓದೋಕೆ ಆಯ್ತು. 2011ರಲ್ಲೇ ಸುಪ್ರೀಂ ಕೋರ್ಟ್ ನಿಲ್ಲಿಸಿದ ಔಷಧಿ, ಹಳೇ ಡಬ್ಬಿ ಮನೇಲಿ ಹಾಗೇ ಉಳ್ಕೊಂಡಿತ್ತು.

ಕ್ರಿಮಿನಾಶಕ ಅಂದ್ರೆ ಅಟ್ರೋಪಿನ್, ಫಿಟ್ಸ್ ಅಂದ್ರೆ ಫೆನಿಟೋಯಿನ್ ಅಂತ ನಾನು ಬಾಯಿಪಾಠ ಮಾಡಿದ್ದೆ. ಅವತ್ತು ಎರಡೂ ಕೈಕೊಟ್ವು. ಯಾಕೆ ಅಂತ ಕೂತು ಓದಿದ್ದನ್ನ ಇಲ್ಲಿ ಬರೀತಿದೀನಿ. ಏರ್‌ವೇ, ಆಕ್ಸಿಜನ್, ಜಿಆರ್‌ಬಿಎಸ್ (ರಕ್ತದ ಸಕ್ಕರೆ ಪರೀಕ್ಷೆ), ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ಮೈ ತೊಳೆಯೋದು ಇವೆಲ್ಲ ನಿಮಗೆ ಗೊತ್ತಿರೋದೇ, ಬಿಡ್ತೀನಿ. ಫಿಟ್ಸ್ 5 ನಿಮಿಷ ದಾಟಿದ್ರೆ ಸ್ಟೇಟಸ್ ಎಪಿಲೆಪ್ಟಿಕಸ್ (ತಾನಾಗೇ ನಿಲ್ಲದ ಫಿಟ್ಸ್), 30 ನಿಮಿಷ ದಾಟಿದ್ರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳೋ ಅಪಾಯ, ಇದಿಷ್ಟು ನೆನಪಿರಲಿ.

ಒದ್ದೆ, ಒಣ

ಪಿಜಿ (ಸ್ನಾತಕೋತ್ತರ ಓದ್ತಿರೋ ಡಾಕ್ಟರ್) ಮೇಡಂ ಹೇಳ್ಕೊಟ್ಟಿದ್ದು ಇದು, ಕಂಕುಳಿಗೆ ಕೈ ಹಾಕಿ ನೋಡು ಅಂತ. ಆರ್ಗನೋಫಾಸ್ಫೇಟ್ (ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಇತ್ಯಾದಿ) ಆದ್ರೆ ಪೇಶೆಂಟ್ ಒದ್ದೆ: ಬೆವರು, ಜೊಲ್ಲು, ಬಾಯಲ್ಲಿ ನೊರೆ, ಎದೆ ತುಂಬ ಗೊರಗೊರ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಅಸಿಟೈಲ್‌ಕೋಲಿನ್ ಒಡೆಯೋ ಎಂಜೈಮ್ ಕಟ್ಟುಬಿದ್ದು ಅದು ಎಲ್ಲಾ ಕಡೆ ತುಂಬ್ಕೊಳ್ಳುತ್ತೆ. ಎಂಡೋಸಲ್ಫಾನ್ ಥರದ ಆರ್ಗನೋಕ್ಲೋರಿನ್ ಆದ್ರೆ ಪೇಶೆಂಟ್ ಒಣ, ಪಾಪೆ ಸಾಸಿವೆ ಕಾಳಾಗಿರಲ್ಲ, ವಾಂತಿ ಆಗಿ ಸ್ವಲ್ಪ ಹೊತ್ತಲ್ಲೇ ಫಿಟ್ಸ್ ಮೇಲೆ ಫಿಟ್ಸ್. ಅವತ್ತಿನವರ ಕಂಕುಳು ಒಣಗಿತ್ತು, ನಾನು ನೋಡೇ ಇರ್ಲಿಲ್ಲ.

ನಂಗೆ ಅರ್ಥ ಆಗದೇ ಇದ್ದ ಜಾಗ

ಎಂಡೋಸಲ್ಫಾನ್ ಗಾಬಾ (ಮೆದುಳನ್ನ ಶಾಂತವಾಗಿಡೋ ರಾಸಾಯನಿಕ) ರಿಸೆಪ್ಟರ್‌ನ ಕ್ಲೋರೈಡ್ ಚಾನೆಲ್ ಮುಚ್ಚುತ್ತೆ ಅಂತ ಪುಸ್ತಕದಲ್ಲಿದೆ. ಸರಿ, ಚಾನೆಲ್ಲೇ ಮುಚ್ಚಿದ್ರೆ ಅದೇ ರಿಸೆಪ್ಟರ್ ಮೇಲೆ ಕೆಲಸ ಮಾಡೋ ಲೋರಜೆಪಾಮ್ ಹೆಂಗೆ ಫಿಟ್ಸ್ ನಿಲ್ಲಿಸುತ್ತೆ? ಎರಡು ದಿನ ಇದರಲ್ಲೇ ಸಿಕ್ಕಾಕೊಂಡಿದ್ದೆ. ಕೊನೆಗೆ ಊರಿನ ಕೆರೆ ನೆನಪಾಗಿ ಬಗೆಹರೀತು.

ನರಕೋಶ ಅಂದ್ರೆ ಗದ್ದೆ, ಅದಕ್ಕೆ ಹರಿಯೋ ಕ್ಲೋರೈಡ್ ನೀರು, ಚಾನೆಲ್ ಕೆರೆ ತೂಬು, ತೂಬು ಎತ್ತೋ ನೀರುಗಂಟಿ ಗಾಬಾ. ನೀರು ಹರಿದಷ್ಟೂ ಗದ್ದೆ ತಣ್ಣಗಿರುತ್ತೆ, ಅಂದ್ರೆ ಕೋಶ ಸುಮ್ಮನಿರುತ್ತೆ. ಎಂಡೋಸಲ್ಫಾನ್ ನೀರುಗಂಟಿ ತಂಟೆಗೇ ಹೋಗಲ್ಲ, ತೂಬಿನ ಬಾಯಲ್ಲೇ ಕಸ ತುರುಕುತ್ತೆ. ನಾನು ಎಡವಿದ್ದು ಇಲ್ಲೇ: ತೂಬು ಒಂದಲ್ಲ, ಲಕ್ಷಾಂತರ ಇವೆ, ಎಲ್ಲದಕ್ಕೂ ಕಸ ಸಿಕ್ಕಿರಲ್ಲ. ಲೋರಜೆಪಾಮ್, ಮಿಡಜೋಲಾಮ್ ಕೊಟ್ರೆ ಉಳಿದ ತೂಬುಗಳನ್ನ ನೀರುಗಂಟಿ ಪದೇ ಪದೇ ಎತ್ತುತ್ತಾನೆ. ಫಿನೋಬಾರ್ಬಿಟಾಲ್ ಕೊಟ್ರೆ ಎತ್ತಿದ ತೂಬು ಜಾಸ್ತಿ ಹೊತ್ತು ಎತ್ತೇ ಇರುತ್ತೆ, ಥಯೋಪೆಂಟಾಲ್ ಥರದ್ದು ದೊಡ್ಡ ಡೋಸಲ್ಲಿ ಹೋದ್ರೆ ನೀರುಗಂಟಿ ಇಲ್ಲದೇನೂ ತೂಬು ಏಳುತ್ತೆ. ಅದಕ್ಕೇ ಇಲ್ಲಿ ಡೋಸ್ ಜಾಸ್ತಿ ಬೇಕಾಗೋದು, ಅದಕ್ಕೇ ಪ್ರೊಪೋಫಾಲ್ (ಅರಿವಳಿಕೆ ಮದ್ದು) ತನಕ ಹೋಗಬೇಕಾಗಿ ಬರೋದು.

ಫೆನಿಟೋಯಿನ್ ಕೆಲಸ ಮಾಡೋದು ಸೋಡಿಯಂ ಚಾನೆಲ್ ಮೇಲೆ, ಅಂದ್ರೆ ಬೇರೇ ಕಾಲುವೆ. ಈ ಕಸಕ್ಕೂ ಅದಕ್ಕೂ ಸಂಬಂಧ ಇಲ್ಲ, ವಿಷದಿಂದ ಬಂದ ಫಿಟ್ಸಲ್ಲಿ ಅದನ್ನ ನೆಚ್ಚಿಕೊಂಡು ಕೂತ್ರೆ ಹೊತ್ತು ಹಾಳು. ಹೊತ್ತು ಹಾಳಾದಷ್ಟೂ ಇನ್ನೊಂದು ತೊಂದರೆ, ಫಿಟ್ಸ್ ಮುಂದುವರೀತಾ ಹೋದ್ರೆ ಕೋಶ ತನ್ನ ಗಾಬಾ ರಿಸೆಪ್ಟರ್‌ಗಳನ್ನ ಒಳಕ್ಕೆ ಎಳ್ಕೊಂಡುಬಿಡುತ್ತೆ, ತೂಬೇ ಇಲ್ಲ ಅಂದ್ಮೇಲೆ ಲೋರಜೆಪಾಮ್ ಎತ್ತೋದು ಏನನ್ನ? ಆದ್ದರಿಂದ ಮೊದಲ ಡೋಸ್ ಪೂರ್ತಿ ಕೊಡಿ, ದೊಡ್ಡವರಿಗೆ ಲೋರಜೆಪಾಮ್ 4 ಮಿಲಿಗ್ರಾಂ ಐವಿ (ರಕ್ತನಾಳಕ್ಕೆ), ಲೈನ್ ಸಿಗದಿದ್ರೆ ಮಿಡಜೋಲಾಮ್ 10 ಮಿಲಿಗ್ರಾಂ ಐಎಂ (ಸ್ನಾಯುವಿಗೆ). ಭಯಕ್ಕೆ 1, 2 ಅಂತ ಚೂರುಚೂರು ಕೊಡಬೇಡಿ.

ಎಂಡೋಸಲ್ಫಾನ್‌ಗೆ ಪ್ರತಿವಿಷ ಇಲ್ಲ. ಹಾಲು, ತುಪ್ಪ ಕುಡಿಸಬಾರದು, ಕೊಬ್ಬಿನ ಜೊತೆ ಇನ್ನೂ ಚೆನ್ನಾಗಿ ಹೀರ್ಕೊಳ್ಳುತ್ತೆ.

ಬೆಳ್ತಂಗಡಿಯ ಕೊಕ್ಕಡ, ಆ ಕಡೆ ಕಾಸರಗೋಡು, ಅಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಇದನ್ನೇ ಸಿಂಪಡಿಸಿದ್ರು. ಅದು ವರ್ಷಗಟ್ಟಲೆ ಮೈಗೆ ಇಳಿದದ್ದರ ಕಥೆ, ನಾವು ಓದ್ತಿರೋದು ಒಂದೇ ಸಲಕ್ಕೆ ಕುಡಿದದ್ದು, ವೈವಾದಲ್ಲಿ (ಬಾಯಿ ಪರೀಕ್ಷೆ) ಎರಡನ್ನೂ ಬೆರೆಸಬೇಡಿ. ಆ ಮನೆಗಳ ಮಕ್ಕಳ ಫೋಟೋ ನೋಡಿದ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಒದ್ದೆ ಪೇಶೆಂಟ್‌ಗೆ ಬಂದ್ರೆ

ಅಟ್ರೋಪಿನ್ 0.6 ಮಿಲಿಗ್ರಾಂ ಆಂಪ್ಯೂಲ್ 3ರಿಂದ 5, ಪ್ರತಿ 5 ನಿಮಿಷಕ್ಕೆ ಡಬಲ್, ಎದೆ ಕ್ಲಿಯರ್ ಆಗಿ ಪಲ್ಸ್ 80 ದಾಟೋ ತನಕ. ಇದು ನೀರು ಒಣಗಿಸೋ ಮದ್ದು, ಫಿಟ್ಸ್‌ಗೆ ಇಲ್ಲೂ ಬೆಂಜೊ (ಲೋರಜೆಪಾಮ್, ಮಿಡಜೋಲಾಮ್ ಗುಂಪು) ಬೇಕೇ ಬೇಕು. ಹಾಗೇ ಇವರ ಮೀನಖಂಡದಲ್ಲಿ ಚರ್ಮದ ಕೆಳಗೆ ಹುಳ ಹರಿದಂಗೆ ಮಿಡಿತ ಕಾಣುತ್ತೆ, ಅದು ಫ್ಯಾಸಿಕ್ಯುಲೇಷನ್, ಫಿಟ್ಸ್ ಅಲ್ಲ, ಅದಕ್ಕೆ ಅಟ್ರೋಪಿನ್ ಕೆಲಸ ಮಾಡಲ್ಲ, ಜಾಸ್ತಿ ಕೊಡ್ತಾ ಹೋದ್ರೆ ಜ್ವರ, ಬಡಬಡಿಕೆ ಶುರುವಾಗುತ್ತೆ. ಉಸಿರಿನ ಟ್ಯೂಬ್ ಹಾಕುವಾಗ ಸ್ಕೋಲಿನ್ (ಸ್ನಾಯು ಸಡಿಲಿಸೋ ಮದ್ದು) ಕೊಟ್ರೆ ಅದರ ಪರಿಣಾಮ ತುಂಬ ಹೊತ್ತು ಇಳಿಯಲ್ಲ, ಯಾಕಂದ್ರೆ ಅದನ್ನ ಒಡೆಯೋ ಎಂಜೈಮೂ ಕಟ್ಟುಬಿದ್ದಿರುತ್ತೆ.

ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳೋದು ವಿಷ ಎಷ್ಟು ಅಂತ ಮಾತ್ರ, ಯಾವ ಗುಂಪಿಂದು ಅಂತ ಹೇಳಲ್ಲ. ಕೆಮಿಕಲ್ ಹೆಸರು ಓದಿ. ಸೈಪರ್‌ಮೆಥ್ರಿನ್, ಫಿಪ್ರೋನಿಲ್ ಕುಡಿದ್ರೂ ಫಿಟ್ಸ್ ಬರಬಹುದು.

ಅವತ್ತು ಬೆಳಗಿನ ಜಾವ ವೆಕುರೋನಿಯಂ (ಇದೂ ಸ್ನಾಯು ಸಡಿಲಿಸೋ ಮದ್ದು) ಮೇಲೆ ಅವರ ಕೈಕಾಲು ಪೂರ್ತಿ ಸುಮ್ಮನಾಗಿತ್ತು, ಫಿಟ್ಸ್ ನಿಂತಿದೆ ಅಂತ ಹೆಂಡತಿಗೆ ಹೇಳೋಕೆ ಎದ್ದೆ. ಮೇಡಂ ತಡೆದು ಇಇಜಿ (ಮೆದುಳಿನ ವಿದ್ಯುತ್ ತರಂಗ ತೋರಿಸೋ ಪರೀಕ್ಷೆ) ಹಾಕಿಸಿದ್ರು. ಮೈ ಅಲ್ಲಾಡ್ತಿರ್ಲಿಲ್ಲ, ಪರದೆ ಮೇಲೆ ಗೆರೆಗಳು ಕುಣೀತಾನೇ ಇದ್ವು. ಮಿಡಜೋಲಾಮ್ ಇನ್ಫ್ಯೂಷನ್ ಏರಿಸಿ, ಗೆರೆ ಇಳಿದ ಮೇಲೇ ನಾನು ಹೊರಗೆ ಹೋಗಿ ಅವರ ಹತ್ರ ಮಾತಾಡಿದ್ದು.