ಓದುಗರ ಪ್ರಶ್ನೆ: ಝೆರಾಕ್ಸ್ ಮಷಿನ್ ಒಳಗೆ ಇಲಿಗೇನು ಕೆಲಸ?

ಪ್ರಶ್ನೆ: ಹಾವೇರಿಯಲ್ಲಿ ನಮ್ಮದೊಂದು ಸಣ್ಣ ಆಫೀಸು ಸರ್. ಝೆರಾಕ್ಸ್ ಮಷಿನ್ ಕೆಟ್ಟಿದೆ ಎಂದು ಬಿಚ್ಚಿಸಿದರೆ ಒಳಗೆ ಇಲಿ ಗೂಡು! ತಿನ್ನಲು ಅಲ್ಲಿ ಏನೂ ಇಲ್ಲ, ಆದರೂ ಯಾಕೆ ಹೋಗುತ್ತವೆ? ಮತ್ತೆ ಬಾರದ ಹಾಗೆ ಏನು ಮಾಡಬೇಕು?

ಇಲಿ ಅಲ್ಲಿಗೆ ಊಟಕ್ಕೆ ಹೋಗುವುದಿಲ್ಲ, ಬಾಣಂತನಕ್ಕೆ ಹೋಗುತ್ತದೆ.

ರಿಪೇರಿ ಮಾಡುವ ನಮಗೆ ಇದು ಹೊಸದಲ್ಲ. ಪೇಪರ್ ಟ್ರೇ ಎಳೆದರೆ ಹಿಂದಿನ ಮೂಲೆಯಲ್ಲಿ ಎ4 ಹಾಳೆಯನ್ನು ಶಾವಿಗೆಯಷ್ಟು ಸಣ್ಣಗೆ ಹರಿದು ಮಾಡಿದ ಮೆತ್ತೆ. ಕುರ್ಚಿಯಿಂದ ಕಿತ್ತು ತಂದ ಸ್ಪಂಜು. ನಡುವೆ ಕಣ್ಣು ಬಿಡದ ಕೆಂಪು ಮರಿಗಳು. ಟೋನರ್ ಎಂಬ ಮಸಿ ಪುಡಿಯನ್ನು ಹಾಳೆಗೆ ಅಂಟಿಸುವ ಫ್ಯೂಸರ್ ಸುಮಾರು 180 ಡಿಗ್ರಿಗೆ ಕಾಯುತ್ತದೆ. ಅದರ ಹತ್ತಿರ ಇಲಿ ಸುಳಿಯುವುದಿಲ್ಲ, ಆದರೆ ಆ ಬಿಸುಪು ಡಬ್ಬಿಯೊಳಗೆ ಬಹಳ ಹೊತ್ತು ಉಳಿಯುತ್ತದೆ. ಕತ್ತಲೆ, ಬೆಚ್ಚಗಿನ ಜಾಗ, ಹಾಸಿಗೆಗೆ ಕಾಗದ. ಇನ್ನೇನು ಬೇಕು? ಒಳಗೆ ಹೋಗಲು ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು.

ಊಟ ಹೊರಗಿದೆ. ಅದನ್ನು ಹಾಕುವವರು ನಾವೇ. ಸಂಜೆ ಗಿರ್ಮಿಟ್, ಮಿರ್ಚಿ ತರಿಸಿ ಟೇಬಲ್ ಮೇಲೇ ತಿನ್ನುತ್ತೇವೆ, ಅಲ್ವಾ? ಕೀಬೋರ್ಡ್ ಕೆಳಗೆ ಬಿದ್ದ ನಾಲ್ಕು ಚುರುಮುರಿ ಇಲಿಗೆ ರಾತ್ರಿಯೂಟ. ಎಪಿಎಂಸಿ, ಕಿರಾಣಿ ಗೋದಾಮಿನ ಹತ್ತಿರದ ಆಫೀಸುಗಳಲ್ಲಿ ಕಾಟ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿದಾಗಲಂತೂ ಕೇಳುವುದೇ ಬೇಡ.

ಹಾನಿ ಎರಡು ಥರ. ಇಲಿಯ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಅದನ್ನು ಸವೆಸಲು ಏನಾದರೂ ಕಡಿಯುತ್ತಲೇ ಇರಬೇಕು, ವೈರ್ ಸಿಕ್ಕರೆ ವೈರ್. ಇದು ಕಣ್ಣಿಗೆ ಕಾಣುತ್ತದೆ, ಜೋಡಿಸಬಹುದು. ಕೆಟ್ಟದ್ದು ಉಚ್ಚೆ. ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಬಿದ್ದರೆ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದು ಒಳಗೊಳಗೇ ತಿಂದುಹೋಗುತ್ತವೆ. ಇವತ್ತು ಕೆಲಸ ಮಾಡಿದ ಮಷಿನ್ ಮುಂದಿನ ತಿಂಗಳು ನಿಲ್ಲುತ್ತದೆ. ಮಷಿನ್ ಹಚ್ಚಿದ ಕೂಡಲೇ ಉಚ್ಚೆ ನಾತ ಬಂದರೆ ಸ್ವಿಚ್ ಆಫ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಿ.

ನೀವೇ ಬ್ಲೋಯರ್ ಹಿಡಿದು ಊದಬೇಡಿ. ಒಣಗಿದ ಹಿಕ್ಕೆಯ ಧೂಳು ಮೂಗಿಗೆ ಹೋಗುತ್ತದೆ. ಇಲಿ ಜ್ವರ ಹರಡುವುದೂ ಉಚ್ಚೆಯಿಂದಲೇ. ಪ್ಲಗ್ ಕಿತ್ತು, ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಟ್ರೇ ಮತ್ತು ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಒರೆಸಿ. ಬೋರ್ಡ್ ಮಾತ್ರ ಮುಟ್ಟಬೇಡಿ.

ಡಾಂಬರ ಗುಳಿಗೆ, ಇಲಿ ಓಡಿಸಲೆಂದು ಮಾರುವ ಕೀರಲು ದನಿಯ ಪ್ಲಗ್‌ಗಳನ್ನು ನಾನು ನಂಬುವುದಿಲ್ಲ. ಪಾಷಾಣವಂತೂ ಬೇಡವೇ ಬೇಡ. ತಿಂದ ಇಲಿ ಮಷಿನ್ ಒಳಗೇ ಸತ್ತರೆ ವಾರಗಟ್ಟಲೆ ಮೂಗು ಮುಚ್ಚಿಕೊಂಡೇ ಕೆಲಸ. ಗೋಡೆಯಲ್ಲಿ ಕೇಬಲ್ ಬರುವ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ. ಗೋಡೆ ಬದಿಗೆ ಬೋನು ಇಡಿ, ಇಲಿ ಓಡಾಡುವುದೇ ಗೋಡೆಗುಂಟ. ಉದ್ದ ರಜೆಗೆ ಮುಂಚೆ ಟ್ರೇ ಖಾಲಿ ಮಾಡಿ, ಹಾಳೆಗಳನ್ನು ಕಪಾಟಿನಲ್ಲಿಡಿ.

ಹಾಗೆಯೇ ನಿಮ್ಮ ಎಎಂಸಿ (ಮಷಿನಿನ ವಾರ್ಷಿಕ ನಿರ್ವಹಣೆ ಕರಾರು) ಕಾಗದ ಒಮ್ಮೆ ಓದಿಕೊಳ್ಳಿ. ಇಲಿ ಮಾಡಿದ ಹಾನಿಯನ್ನು ಎಷ್ಟೋ ಕರಾರುಗಳಲ್ಲಿ ಹೊರಗಿಟ್ಟಿರುತ್ತಾರೆ, ಬೋರ್ಡಿನ ಖರ್ಚು ನಿಮ್ಮ ತಲೆಗೇ ಬರುತ್ತದೆ.