‘ಮನ’: ಗುಡುಗು, ಫಲ, ಅಧಿಕಾರ

ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ ಗುಡುಗಿಗೆ ‘ಮನ’ ಎನ್ನುತ್ತಾರೆ. ನ್ಯೂಜಿಲೆಂಡ್‌ನ ಮಾವೊರಿ ಭಾಷೆಯಲ್ಲಿ ಅದೇ ಪದಕ್ಕೆ ಅಧಿಕಾರ, ವರ್ಚಸ್ಸು ಎಂಬ ಅರ್ಥ. ಫಿಜಿಯ ಸಾಂಪ್ರದಾಯಿಕ ಪ್ರಾರ್ಥನೆಗಳ ಕೊನೆಗೆ ‘ಮನ, ಎ ದಿನ’ ಎಂದು ಹೇಳುವುದುಂಟು. ಫಲಿಸಲಿ, ನಿಜವಾಗಲಿ ಎಂಬ ಭಾವ. ಕನ್ನಡದ ಕಿವಿಗೆ ಇದು ನಮ್ಮ ಮನವೋ ಮಾನವೋ ಇರಬೇಕೆಂದು ಕೇಳಿಸಬಹುದು. ಅದಕ್ಕೆ ಆಧಾರವಿಲ್ಲ. ನಮ್ಮವೆರಡೂ ಸಂಸ್ಕೃತದಿಂದ ಬಂದವು; ಪೆಸಿಫಿಕ್‌ನ ‘ಮನ’ ಹುಟ್ಟಿದ್ದು ಬೇರೆಯದೇ ಮನೆತನದಲ್ಲಿ.

ಆ ಮನೆತನದ ಹೆಸರು ಆಸ್ಟ್ರೋನೇಷಿಯನ್. ತೈವಾನ್ ಅದರ ಮೂಲನೆಲೆ ಎಂಬುದು ಇಂದಿನ ಬಹುಪಾಲು ಭಾಷಾವಿಜ್ಞಾನಿಗಳ ಅಭಿಪ್ರಾಯ. ಪಶ್ಚಿಮದಲ್ಲಿ ಮಡಗಾಸ್ಕರ್‌ನಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ ಸಾವಿರಕ್ಕೂ ಹೆಚ್ಚು ಭಾಷೆಗಳು ಅದಕ್ಕೆ ಸೇರಿವೆ. ‘ಮನ’ ಮುಖ್ಯವಾಗಿ ಕಾಣಿಸುವುದು ಅದರ ಓಷಿಯಾನಿಕ್ ಕವಲಿನಲ್ಲಿ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ನ್ಯೂಗಿನಿಯ ಪಕ್ಕದ ಬಿಸ್ಮಾರ್ಕ್ ದ್ವೀಪಗಳಿಂದ ದೋಣಿ ಹತ್ತಿ ಪೂರ್ವಕ್ಕೆ ಹೊರಟವರ ಭಾಷೆಗಳು ಅವು.

ಹೊರಜಗತ್ತಿಗೆ ಈ ಪದವನ್ನು ದಾಟಿಸಿದವರು ರಾಬರ್ಟ್ ಕಾಡ್ರಿಂಗ್ಟನ್ ಎಂಬ ಆಂಗ್ಲಿಕನ್ ಪಾದ್ರಿ. ನಾರ್ಫೋಕ್ ದ್ವೀಪದ ಮಿಷನ್ ಶಾಲೆಯಲ್ಲಿದ್ದ ಅವರು 1877ರಲ್ಲಿ ಭಾಷೆ, ಧರ್ಮಗಳ ವಿದ್ವಾಂಸ ಮ್ಯಾಕ್ಸ್ ಮುಲ್ಲರ್‌ಗೆ ಬರೆದ ಪತ್ರದಲ್ಲಿ ‘ಮನ’ವನ್ನು ವಿವರಿಸಿದರು, ಮುಲ್ಲರ್ ಅದನ್ನು ಮರುವರ್ಷ ತಮ್ಮ ಉಪನ್ಯಾಸಗಳಲ್ಲಿ ಬಳಸಿಕೊಂಡರು. 1891ರಲ್ಲಿ ಮೆಲನೇಷಿಯನ್ನರ (ನೈಋತ್ಯ ಪೆಸಿಫಿಕ್‌ನ ದ್ವೀಪವಾಸಿಗಳು) ಕುರಿತ ತಮ್ಮ ಗ್ರಂಥದಲ್ಲಿ ಕಾಡ್ರಿಂಗ್ಟನ್ ಕೊಟ್ಟ ಉದಾಹರಣೆ ಇದು: ಒಬ್ಬನಿಗೆ ವಿಚಿತ್ರ ಆಕಾರದ ಕಲ್ಲು ಸಿಗುತ್ತದೆ. ತೋಟ ಮಾಡುವಾಗ ಅವನು ಅದನ್ನು ನೆಲದಲ್ಲಿ ಹೂಳುತ್ತಾನೆ. ಬೆಳೆ ಹುಲುಸಾಗಿ ಬಂದರೆ ಕಲ್ಲಿನಲ್ಲಿ ‘ಮನ’ ಇದೆ ಎಂದಾಯಿತು.

ಈ ಉದಾಹರಣೆಯಲ್ಲಿ ಫಲ ಮೊದಲು, ಶಕ್ತಿಯ ಮಾತು ಆಮೇಲೆ. ಯುರೋಪಿನ ಪಂಡಿತರು ಇದನ್ನು ತಲೆಕೆಳಗಾಗಿ ಓದಿದರು. ಮಾರೆಟ್ ಅವರಿಗೆ ‘ಮನ’ ಧರ್ಮದ ಆದಿಬೀಜವಾಗಿ ಕಂಡಿತು. ಮೋಸ್ ಮತ್ತು ಹ್ಯೂಬೆರ್ ಮಾಂತ್ರಿಕತೆಯ ಮೂಲವನ್ನೇ ಅದರಲ್ಲಿ ಹುಡುಕಿದರು. 1912ರಲ್ಲಿ ಡರ್ಕೈಮ್ ಅದನ್ನು ಸಮಾಜದ ಸಾಮೂಹಿಕ ಬಲದೊಂದಿಗೆ ಜೋಡಿಸಿದರು. ವಸ್ತುಗಳಲ್ಲಿ ಹರಿಯುವ, ಒಂದರಿಂದ ಇನ್ನೊಂದಕ್ಕೆ ದಾಟುವ ವಿದ್ಯುತ್ತಿನಂಥ ಪದಾರ್ಥವಾಗಿ ಗ್ರಂಥಾಲಯಗಳಲ್ಲಿ ‘ಮನ’ ಬೆಳೆಯಿತು. ಕೊನೆಗೆ 1950ರಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರೌಸ್, ತನ್ನದೇ ನಿಶ್ಚಿತ ಅರ್ಥವಿಲ್ಲದೆ ಎಲ್ಲ ಅರ್ಥಗಳನ್ನೂ ತುಂಬಿಕೊಳ್ಳಬಲ್ಲ ಸಂಕೇತವಿದು ಎಂದರು. ಅಷ್ಟು ಹೊತ್ತಿಗೆ ಅದನ್ನು ಹಾಗೆ ಬರಿದು ಮಾಡಿದ್ದವರು ಯಾರೆಂಬುದು ಬೇರೆ ಮಾತು.

ದ್ವೀಪದವರ ಮಾತಿಗೆ ನೇರವಾಗಿ ಕಿವಿಗೊಟ್ಟವರಿಗೆ ಕಂಡದ್ದೇ ಬೇರೆ. ಟಿಕೋಪಿಯಾ ದ್ವೀಪದಲ್ಲಿ ‘ಮನ’ ಎಂದರೇನು ಎಂದು ಮಾನವಶಾಸ್ತ್ರಜ್ಞ ರೇಮಂಡ್ ಫರ್ತ್ ಕೇಳಿದರೆ ಜನ ವ್ಯಾಖ್ಯಾನ ಕೊಡಲಿಲ್ಲ. ಮಳೆ ಬಂದದ್ದನ್ನು, ಮೀನು ಸಿಕ್ಕಿದ್ದನ್ನು, ದೀವಿಹಲಸು ಬಿಟ್ಟಿದ್ದನ್ನು, ರೋಗಿ ಎದ್ದು ಕೂತದ್ದನ್ನು ತೋರಿಸಿದರು. ಒಬ್ಬ ವೈದ್ಯರ ಬಗ್ಗೆ ‘ಕೈಗುಣ ಚೆನ್ನಾಗಿದೆ’ ಎನ್ನುವ ನಮಗೆ ಇದು ಅಪರಿಚಿತವೇನಲ್ಲ. ಕೈಗುಣವನ್ನು ಯಾರೂ ಅಳೆದು ನೋಡಿಲ್ಲ, ಕಾಯಿಲೆ ವಾಸಿಯಾದದ್ದನ್ನಷ್ಟೇ ನೋಡಿದ್ದಾರೆ. ಫರ್ತ್ ಅವರ ಲೇಖನ ಬಂದದ್ದು 1940ರಲ್ಲಿ. 1984ರಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ರೋಜರ್ ಕೀಸಿಂಗ್ ವ್ಯಾಕರಣವನ್ನೇ ಮುಂದಿಟ್ಟರು: ಓಷಿಯಾನಿಕ್ ಭಾಷೆಗಳಲ್ಲಿ ‘ಮನ’ ಸಾಮಾನ್ಯವಾಗಿ ನಾಮಪದವಲ್ಲ, ಕ್ರಿಯಾಪದ. ಕಲ್ಲಿನಲ್ಲಿ ‘ಮನ’ ಇರುವುದಿಲ್ಲ. ಕಲ್ಲು ‘ಮನಿಸುತ್ತದೆ’, ಅಂದರೆ ಫಲ ಕೊಡುತ್ತದೆ. ನೂರು ವರ್ಷಗಳ ಸಿದ್ಧಾಂತಗಳು ಒಂದು ಕ್ರಿಯಾಪದವನ್ನು ವಸ್ತುವೆಂದು ಹಿಡಿದದ್ದರಿಂದ ಎದ್ದವು ಎಂಬ ಅವರ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆ.

ಹಾಗಾದರೆ ಟೋಂಗಾದ ಗುಡುಗು? ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ 2007ರಲ್ಲಿ ಈ ಎಳೆಯನ್ನು ಹಿಡಿದರು. ಗುಡುಗು, ಬಿರುಗಾಳಿಗಳಂಥ ಪ್ರಕೃತಿಯ ಬಲಗಳೇ ಪದದ ಹಳೆಯ ಅರ್ಥ, ಅವುಗಳ ಹಿಂದಿನ ಕಾಣದ ಶಕ್ತಿ ಎಂಬ ಭಾವ ಜನ ಪೂರ್ವಕ್ಕೆ ಸಾಗಿದಂತೆ ಕಳಚಿಕೊಂಡು ಬೇರೆಯಾಯಿತು ಎಂಬುದು ಅವರ ಊಹೆ. ‘ಫಲಿಸು’ ಎಂಬುದೇ ಮೊದಲಿನದೆನ್ನುವವರೂ ಇದ್ದಾರೆ, ವಿವಾದ ಮುಗಿದಿಲ್ಲ.

ಹವಾಯಿ, ಟಹೀಟಿ, ನ್ಯೂಜಿಲೆಂಡ್‌ಗಳಲ್ಲಿ ಮಾತ್ರ ‘ಮನ’ ನಿಜಕ್ಕೂ ನಾಮಪದವಾಗಿ ಗಟ್ಟಿಯಾಯಿತು. ವಂಶಾವಳಿಯ ಬಲವಿದ್ದ ನಾಯಕರು, ಪುರೋಹಿತರು ಅದನ್ನು ತಮ್ಮ ಆಸ್ತಿಯಾಗಿಸಿಕೊಂಡರು ಎಂದು ಕೀಸಿಂಗ್ ಹೇಳುತ್ತಾರೆ. (ವಿಡಿಯೋ ಗೇಮ್‌ಗಳಲ್ಲಿ ಮಂತ್ರ ಹಾಕಿದಂತೆಲ್ಲ ಖರ್ಚಾಗುವ ‘ಮನ’ ಕೂಡ ಈ ವಸ್ತುರೂಪದ್ದೇ. ಮುಗಿದುಹೋಗುವ ನೈಸರ್ಗಿಕ ಸಂಪನ್ಮೂಲದಂತೆ ಅದನ್ನು 1969ರ ಕಥೆಯೊಂದರಲ್ಲಿ ಕಲ್ಪಿಸಿದವರು ಅಮೆರಿಕದ ಲ್ಯಾರಿ ನಿವೆನ್.)

ನ್ಯೂಜಿಲೆಂಡ್‌ನಲ್ಲಿ ಈ ನಾಮಪದ ರಾಜಕೀಯದ ನಡುಮಧ್ಯೆ ಬಂದು ನಿಂತಿತು. 1835ರ ಸ್ವಾತಂತ್ರ್ಯ ಘೋಷಣೆಯಲ್ಲಿ ಮಾವೊರಿ ನಾಯಕರು ನೆಲದ ಮೇಲಿನ ‘ಮನ’ ತಮ್ಮದೆಂದು ಬರೆಸಿದ್ದರು. ಐದು ವರ್ಷಗಳ ಬಳಿಕ, 1840ರ ಫೆಬ್ರವರಿ 6ರಂದು, ಬ್ರಿಟಿಷರೊಂದಿಗಿನ ವೈಟಾಂಗಿ ಒಪ್ಪಂದಕ್ಕೆ ಸಹಿ ಬಿತ್ತು. ಎರಡನ್ನೂ ಮಾವೊರಿ ಭಾಷೆಗೆ ಅನುವಾದಿಸಿದವರು ಮಿಷನರಿ ಹೆನ್ರಿ ವಿಲಿಯಮ್ಸ್. ಆದರೆ ಬ್ರಿಟಿಷ್ ರಾಣಿಗೆ ಒಪ್ಪಿಸುವ ಸಾರ್ವಭೌಮತ್ವಕ್ಕೆ ಈ ಬಾರಿ ಅವರು ಬಳಸಿದ ಪದ ‘ಕಾವನಟಾಂಗ’, ಗವರ್ನರ್ ಎಂಬ ಇಂಗ್ಲಿಷ್ ಪದದಿಂದ ಕಡೆದದ್ದು. ‘ಮನ’ ಎಂದು ಬರೆದಿದ್ದರೆ ನಾಯಕರು ಸಹಿ ಹಾಕುತ್ತಿರಲಿಲ್ಲ ಎಂಬುದು ಹಲವು ಇತಿಹಾಸಕಾರರ ಮಾತು.

ಅಂದು ಬಿಟ್ಟುಹೋದ ಪದ 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯಲ್ಲಿ ಕಾಣಿಸಿಕೊಂಡಿತು: ‘ಮನ ಫೆನುವಾ’, ನಿರ್ದಿಷ್ಟ ಪ್ರದೇಶದ ಮೇಲೆ ಒಂದು ಬುಡಕಟ್ಟು ಚಲಾಯಿಸುವ ಪಾರಂಪರಿಕ ಅಧಿಕಾರ. ಅದು ಯಾರದು ಎನ್ನುವುದೇ ಈಗಿನ ತಕರಾರು. ಆಕ್ಲೆಂಡ್ ನಗರದ ನಡುಭಾಗದ ಬಗ್ಗೆ ಇಂಥ ವ್ಯಾಜ್ಯ ಹೈಕೋರ್ಟ್‌ಗೆ ಹೋಗಿ, 2022ರಲ್ಲಿ ತೀರ್ಪು ಬಂತು. ಇಂಥ ವಾದಗಳಲ್ಲಿ ಬುಡಕಟ್ಟುಗಳು ಮುಂದಿಡುವುದು ವಂಶಾವಳಿಯನ್ನು, ಗೆದ್ದ ಯುದ್ಧಗಳನ್ನು, ಆ ನೆಲದಲ್ಲಿ ತಮ್ಮ ಒಲೆ ಆರದೆ ಉರಿದದ್ದನ್ನು.