ಹಿಂದೆ ಬರುವವನು ಒಬ್ಬನಲ್ಲ

1861ರ ಫೆಬ್ರುವರಿ 22ರ ರಾತ್ರಿ. ಫಿಲಡೆಲ್ಫಿಯಾದಿಂದ ಬಾಲ್ಟಿಮೋರಿಗೆ ಹೊರಟಿದ್ದ ರೈಲಿನ ಹಿಂಬದಿಯಲ್ಲಿ ಗಡ್ಡದ ಮನುಷ್ಯನೊಬ್ಬ ನಿದ್ದೆಗೆಟ್ಟು ನಿಂತಿದ್ದ. ಹಳಿಯ ಪಕ್ಕದಲ್ಲಿ ಅಲ್ಲಲ್ಲಿ ಒಂದು ಲಾಂದ್ರ ಮಿನುಗಿ ಕತ್ತಲಲ್ಲಿ ಮರೆಯಾಗುತ್ತಿತ್ತು. ಈ ತನಕ ಅಪಾಯವಿಲ್ಲ ಎಂಬುದು ಅದರ ಅರ್ಥ. ಒಳಗೆ ಮಲಗುವ ಬೋಗಿಯಲ್ಲಿ ಒಬ್ಬ ಹೆಂಗಸು ಎಚ್ಚರವಾಗಿದ್ದಳು. ಕಾಯಿಲೆಯ ಅಣ್ಣನನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಹೇಳಿ ಜಾಗ ಕಾದಿರಿಸಿದ್ದವಳು ಅವಳೇ. ಆ ಅಣ್ಣನ ಹೆಸರು ಅಬ್ರಹಾಂ ಲಿಂಕನ್.

ಹೊರಗೆ ನಿಂತಿದ್ದವನು ಖಾಸಗಿ ಪತ್ತೇದಾರ ಆಲನ್ ಪಿಂಕರ್ಟನ್, ಒಳಗಿದ್ದವಳು ಅವನ ಸಂಸ್ಥೆಯ ಕೇಟ್ ವಾರ್ನ್. ಬಾಲ್ಟಿಮೋರಿನಲ್ಲಿ ಲಿಂಕನ್ ಅವರನ್ನು ಕೊಲ್ಲುವ ಸಂಚು ನಿಜವಾಗಿಯೂ ಇತ್ತೇ, ಅಥವಾ ಪಿಂಕರ್ಟನ್ ಅದನ್ನು ಉಬ್ಬಿಸಿದನೇ ಎಂದು ಇತಿಹಾಸಕಾರರು ಇಂದಿಗೂ ವಾದ ಮಾಡುತ್ತಾರೆ. ಅದನ್ನು ಅವರಿಗೇ ಬಿಡೋಣ. ನನ್ನ ಕಣ್ಣು ಇರುವುದು ಆ ಲಾಂದ್ರಗಳ ಮೇಲೆ. ನಮ್ಮ ಪತ್ತೇದಾರಿ ಕಾದಂಬರಿಗಳ ನಾಯಕ ಸದಾ ಒಂಟಿ. ಕೋಟಿನ ಕಾಲರ್ ಎತ್ತಿಕೊಂಡು ಊರೆಲ್ಲ ಒಬ್ಬನೇ ಸುತ್ತುತ್ತಾನೆ. ಖಾಸಗಿ ಪತ್ತೇದಾರಿಕೆ ಎಂಬ ಕಸುಬಾದರೋ ಹುಟ್ಟಿದ ಕೆಲವೇ ವರ್ಷಗಳಲ್ಲಿ ಗುಂಪಿನ ಕೆಲಸವಾಗಿಬಿಟ್ಟಿತ್ತು.

ಒಬ್ಬನಿಂದ ಅದು ಏಕೆ ಆಗುವುದಿಲ್ಲ ಎಂದು ತಿಳಿಯಬೇಕಾದರೆ, ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸ್ನೇಹಿತರೊಬ್ಬರ ಹಿಂದೆ, ಅವರ ಒಪ್ಪಿಗೆ ಪಡೆದೇ, ಹತ್ತು ನಿಮಿಷ ನಡೆದು ನೋಡಿ. ಹತ್ತಿರ ಹೋದರೆ ಅವರು ತಿರುಗಿದಾಗ ನಿಮ್ಮ ಮುಖ ಕಾಣುತ್ತದೆ. ದೂರ ಉಳಿದರೆ ಹೂವಿನ ಅಂಗಡಿಯ ಮುಂದಿನ ಜನಜಂಗುಳಿಯಲ್ಲಿ ಅವರು ಕಾಣೆಯಾಗುತ್ತಾರೆ. ಅವರು ಹೋಟೆಲಿಗೆ ಹೊಕ್ಕರೆ ನೀವೂ ಹೋಗಬೇಕೋ, ಹೊರಗೆ ನಿಲ್ಲಬೇಕೋ? ಹಿಂಬಾಗಿಲಿದ್ದರೆ ಏನು ಮಾಡುತ್ತೀರಿ? ಒಂದೇ ಮುಖವನ್ನು ಎರಡು ಸಲ ನೋಡಿದರೆ ಕಾಕತಾಳೀಯ ಎನ್ನಬಹುದು, ಮೂರನೆಯ ಸಲ ನೋಡಿದವರಿಗೆ ಅನುಮಾನ ಬರದೆ ಇರುವುದಿಲ್ಲ.

ಪತ್ತೇದಾರರು ಇದಕ್ಕೆ ಕಂಡುಕೊಂಡ ಉಪಾಯವನ್ನು ಇಂದಿಗೂ ಎ-ಬಿ-ಸಿ ಪದ್ಧತಿ ಎಂದು ಹೇಳಿಕೊಡುತ್ತಾರೆ. ಗುರಿಯ ವ್ಯಕ್ತಿಯ ಹಿಂದೆ ಎ ನಡೆಯುತ್ತಾನೆ. ಎ ಹಿಂದೆ ಸ್ವಲ್ಪ ಅಂತರದಲ್ಲಿ ಬಿ. ರಸ್ತೆಯ ಆಚೆ ಬದಿಯಲ್ಲಿ ಸಿ. ಆ ವ್ಯಕ್ತಿ ತಿರುವಿನಲ್ಲಿ ಎಡಕ್ಕೆ ಹೊರಳಿದರೆ ಎ ಹೊರಳುವುದಿಲ್ಲ. ತನಗೂ ಅವನಿಗೂ ಸಂಬಂಧವೇ ಇಲ್ಲ ಎಂಬಂತೆ ನೇರವಾಗಿ ಮುಂದೆ ಹೋಗುತ್ತಾನೆ. ಸಿ ಅಥವಾ ಬಿ ಅವನ ಜಾಗಕ್ಕೆ ಬರುತ್ತಾನೆ, ಎ ಸುತ್ತು ಹಾಕಿ ಬಂದು ಕೊನೆಯವನಾಗುತ್ತಾನೆ. ತಿರುವು ದಾಟಿ ಹಿಂದೆ ನೋಡಿದವನಿಗೆ ಹೊಸ ಮುಖವೇ ಕಾಣುತ್ತದೆ. ಬಿ ಇರುವುದು ಬರೀ ಬದಲಿ ಆಳಾಗಿ ಅಲ್ಲ. ಗುರಿಯ ವ್ಯಕ್ತಿಯ ಕಡೆಯವರೇ ಯಾರಾದರೂ ಎ ಹಿಂದೆ ಬಿದ್ದಿದ್ದಾರೆಯೇ ಎಂಬುದನ್ನು ಗಮನಿಸುವುದೂ ಅವನ ಕೆಲಸ.

ಮನೆಯ ಮೇಲೆ ಕಣ್ಣಿಡುವುದಾದರೆ ಲೆಕ್ಕ ಬೇರೆ. ಬಾಗಿಲು ಕಾಣುವ ಜಾಗದಲ್ಲಿ ಒಬ್ಬನೇ ಇರುತ್ತಾನೆ, ಅವನೇ ತಂಡದ ಕಣ್ಣು. ಉಳಿದವರು ಆ ಬಡಾವಣೆಯಿಂದ ಹೊರಬೀಳುವ ರಸ್ತೆಗಳ ಬಾಯಲ್ಲಿ ಕಾಯುತ್ತಾರೆ. ಅವರಿಗೆ ಮನೆ ಕಾಣುವುದೇ ಇಲ್ಲ, ಕಿವಿಗೆ ಬೀಳುವ ಮಾತಷ್ಟೇ ಆಧಾರ. ಇನ್ನೊಂದು ಕಾರಣವನ್ನು ಕಾದಂಬರಿಗಳು ಹೇಳುವುದಿಲ್ಲ. ಕಾರಿನಲ್ಲಿ ಎಂಟು ಗಂಟೆ ಕುಳಿತವನು ಊಟ ಮಾಡಬೇಕು, ಮೂತ್ರಕ್ಕೆ ಹೋಗಬೇಕು. ಬೆಳಗಿನಿಂದ ಮುಚ್ಚಿದ್ದ ಬಾಗಿಲು ಆ ಐದು ನಿಮಿಷದಲ್ಲೇ ತೆರೆದುಕೊಂಡರೆ ದಿನದ ಕೂಲಿ ನೀರಿಗೆ ಹೋಯಿತು.

ಬೇಹಿಗೆ ಹಲವರು ಬೇಕು ಎಂಬ ಅರಿವು ಬಹಳ ಹಳೆಯದು. ಅದನ್ನು ವಿಸ್ತಾರವಾಗಿ ಬರೆದಿಟ್ಟ ಗ್ರಂಥವೊಂದು ಲೋಕಕ್ಕೆ ಮರಳಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಒಂದೆಡೆ ನೆಲೆಸಿ ಸುದ್ದಿ ಸಂಗ್ರಹಿಸುವ ಚರರೂ ಇದ್ದಾರೆ, ತಿರುಗಾಡುತ್ತಾ ಕೆಲಸ ಮಾಡುವವರೂ ಇದ್ದಾರೆ. ತಪಸ್ವಿಯ ವೇಷದವನು, ವ್ಯಾಪಾರಿ, ಗೃಹಸ್ಥ, ಭಿಕ್ಷುಕಿ ಹೀಗೆ ಬಗೆಬಗೆಯ ವೇಷ. ಮೂವರ ಮಾತು ಒಂದೇ ಆದರೆ ಮಾತ್ರ ನಂಬು ಎನ್ನುತ್ತಾನೆ ಕೌಟಿಲ್ಯ. ಆದರೆ ಆ ಚರರು ಪರಸ್ಪರ ಪರಿಚಿತರಾಗಿರಕೂಡದು ಎಂಬುದೂ ಅವನದೇ ಕಟ್ಟುನಿಟ್ಟು. ಇಂದಿನ ಹಿಂಬಾಲಕರ ತಂಡ ಇದಕ್ಕೆ ತದ್ವಿರುದ್ಧ. ಇಲ್ಲಿ ಒಬ್ಬನ ಹೆಜ್ಜೆ ಇನ್ನೊಬ್ಬನಿಗೆ ಗೊತ್ತಿರದಿದ್ದರೆ ಕೆಲಸವೇ ಕೆಡುತ್ತದೆ. ಹಾಗಾಗಿ ಮೂವರ ಮಾತು ಒಂದೇ ಆಗಿದ್ದರೆ ಅದು ನಿಜವೂ ಆಗಿರಬಹುದು, ಕೂತು ಹೊಂದಿಸಿಕೊಂಡದ್ದೂ ಆಗಿರಬಹುದು.

ಖಾಸಗಿ ಕಸುಬಿನ ಆರಂಭವನ್ನು ಸಾಮಾನ್ಯವಾಗಿ ಪ್ಯಾರಿಸ್‌ನ ವಿಡಾಕ್‌ನಿಂದ ಗುರುತಿಸುತ್ತಾರೆ. ಜೈಲು ಕಂಡು ಬಂದು, ಪೊಲೀಸ್ ಪತ್ತೇದಾರಿ ವಿಭಾಗವನ್ನೇ ನಡೆಸಿ, 1833ರಲ್ಲಿ ಸ್ವಂತ ಕಚೇರಿ ತೆರೆದ ಮನುಷ್ಯ ಅವನು. ಮಾಜಿ ಕೈದಿಗಳನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದ. ಆದರೆ ತಂಡವನ್ನು ಒಂದು ಯಂತ್ರದಂತೆ ಹೊಂದಿಸಿದವನು ಪಿಂಕರ್ಟನ್. ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಬಂದು ಪೀಪಾಯಿ ಮಾಡಿ ಬದುಕುತ್ತಿದ್ದ ಅವನು 1850ರ ಹೊತ್ತಿಗೆ ಷಿಕಾಗೊದಲ್ಲಿ ಸಂಸ್ಥೆ ಕಟ್ಟಿದ. ಕೇಟ್ ವಾರ್ನ್ 1856ರಲ್ಲಿ ಅಲ್ಲಿಗೆ ಕೆಲಸ ಕೇಳಿಕೊಂಡು ಬಂದಳು. ಗಂಡಸರು ಹೋಗಲಾಗದ ಕಡೆ ಹೆಣ್ಣು ಹೋಗಬಲ್ಲಳು ಎಂಬುದು ಅವಳ ವಾದ.

ಆ ವಾದ ಗೆದ್ದದ್ದು ಹಣ, ಪಾರ್ಸೆಲ್ ಸಾಗಿಸುತ್ತಿದ್ದ ಆಡಮ್ಸ್ ಎಕ್ಸ್‌ಪ್ರೆಸ್ ಕಂಪನಿಯ ಪ್ರಕರಣದಲ್ಲಿ. ಅಲಬಾಮಾದ ಮಾಂಟ್ಗೊಮರಿಯಲ್ಲಿ 40,000 ಡಾಲರ್ ಕಳುವಾಗಿತ್ತು. ಅಲ್ಲಿದ್ದ ಕಂಪನಿಯ ಏಜೆಂಟನ ಮೇಲೇ ಅನುಮಾನ. ಪಿಂಕರ್ಟನ್ ಒಬ್ಬನನ್ನು ನೆರಳಿನಂತೆ ಅವನ ಹಿಂದೆ ಬಿಟ್ಟ. ಕೇಟ್ ವಾರ್ನ್ ಶ್ರೀಮಂತ ಹೆಂಗಸಿನ ಸೋಗಿನಲ್ಲಿ ಅವನ ಹೆಂಡತಿಯ ಸ್ನೇಹ ಬೆಳೆಸಿದಳು. ಏಜೆಂಟ್ ಸೆರೆಮನೆ ಸೇರಿದಾಗ ಸಹಕೈದಿಯಾಗಿ ಮೂರನೆಯವನು ಅಲ್ಲಿ ಸಿದ್ಧನಾಗಿದ್ದ. ಒಬ್ಬರಿಗೆ ಸಿಕ್ಕ ಎಳೆ ಪಿಂಕರ್ಟನ್ ಮೂಲಕ ಇನ್ನೊಬ್ಬರಿಗೆ ದಾಟುತ್ತಿತ್ತು. ಹಣದ ಬಹುಪಾಲು ವಾಪಸ್ ಬಂತು. ಇದು ನೋಟಕ್ಕಷ್ಟೇ ನಿಲ್ಲುವ ಕಣ್ಗಾವಲಲ್ಲ, ನಂಬಿಸಿ ಬಾಯಿ ಬಿಡಿಸುವ ನಾಟಕ. ಆ ಸ್ನೇಹವನ್ನು ನಿಜವೆಂದೇ ನಂಬಿದ್ದ ಹೆಂಡತಿಯ ಬಗ್ಗೆ ನನಗೆ ಮರುಕವೇ ಆಗುತ್ತದೆ.

ತಂಡ ದೊಡ್ಡದಾಗುತ್ತಾ ಹೋಯಿತು, ಕೊನೆಗೆ ದಂಡೇ ಆಯಿತು. 1892ರ ಜುಲೈನಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರ ಮುರಿಯಲು ಸುಮಾರು 300 ಪಿಂಕರ್ಟನ್ ಆಳುಗಳು ದೋಣಿಗಳಲ್ಲಿ ಬಂದಿಳಿದರು. ಎರಡೂ ಕಡೆ ಹೆಣ ಬಿದ್ದವು. ಮರುವರ್ಷವೇ ಇಂಥವರನ್ನು ಕೇಂದ್ರ ಸರ್ಕಾರ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಕಾನೂನು ಬಂತು. ಕಾರ್ಮಿಕ ಸಂಘಗಳ ಒಳಗೆ ಬೇಹುಗಾರರನ್ನು ಬಿಡುವ ದಂಧೆ ಮಾತ್ರ 1930ರ ದಶಕದವರೆಗೂ ನಡೆಯಿತು.

ಇಂಗ್ಲೆಂಡಿನಲ್ಲಿ ಕಸುಬು ಬೆಳೆದದ್ದು ಬೇರೆ ದಾರಿಯಲ್ಲಿ. 1857ರ ಕಾಯ್ದೆಯಿಂದ ವಿಚ್ಛೇದನ ಸಾಮಾನ್ಯ ನ್ಯಾಯಾಲಯದ ವ್ಯವಹಾರವಾಯಿತು. ವ್ಯಭಿಚಾರವನ್ನು ರುಜುವಾತು ಮಾಡಬೇಕಾಯಿತು. ಹೋಟೆಲಿನ ಕೋಣೆಗೆ ಯಾರು ಯಾವಾಗ ಹೋದರು, ಯಾವಾಗ ದೀಪ ಆರಿತು ಎಂದು ಹೇಳುವ ಸಾಕ್ಷಿಗಳಿಗೆ ಬೇಡಿಕೆ ಬಂತು. ಕೂಲಿ ಪಡೆದು ಹಿಂಬಾಲಿಸಿದವನ ಒಂಟಿ ಮಾತನ್ನು ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಿದ್ದರು, ಬೆಂಬಲದ ಸಾಕ್ಷ್ಯ ಕೇಳುತ್ತಿದ್ದರು. ತಂಡ ಬೇಕಾಗುವುದಕ್ಕೆ ಇದೂ ಒಂದು ಕಾರಣ: ಕಟಕಟೆಯಲ್ಲಿ ಇಬ್ಬರು ನಿಂತರೆ ಮಾತಿಗೆ ತೂಕ ಹೆಚ್ಚು. ಪಿಂಕರ್ಟನ್ ಮಾತ್ರ ವಿಚ್ಛೇದನದ ಕೆಲಸ ಮುಟ್ಟುವುದಿಲ್ಲ ಎಂದು ನಿಯಮವನ್ನೇ ಮಾಡಿಕೊಂಡಿದ್ದ. ಮುಷ್ಕರ ಮುರಿಯುವ ಸಂಸ್ಥೆಗೆ ಅದು ಹೇಸಿಗೆಯಾಗಿ ಕಂಡದ್ದು ವಿಚಿತ್ರವೇ.

ಲಾಂದ್ರದ ಜಾಗಕ್ಕೆ ವಾಕಿಟಾಕಿ ಬಂತು, ಅದರ ಜಾಗಕ್ಕೆ ಮೊಬೈಲ್. ಈಗ ಕಾರಿಗೆ ಅಂಟಿಸುವ ಜಿಪಿಎಸ್ ಸಾಧನವೊಂದಿದ್ದರೆ ಮೂವರ ಸಂಬಳ ಉಳಿಯುತ್ತದೆ ಎಂಬ ಆಸೆ ಹುಟ್ಟಿದೆ. ಆದರೆ ಸಾಧನ ಕಾರು ಎಲ್ಲಿ ನಿಂತಿದೆ ಎನ್ನುತ್ತದೆಯೇ ಹೊರತು ಯಾರು ಇಳಿದರು, ಯಾರ ಜೊತೆ ಮಾತಾಡಿದರು ಎಂದು ಹೇಳುವುದಿಲ್ಲ. ಅಷ್ಟಕ್ಕೂ ಇನ್ನೊಬ್ಬರ ವಾಹನಕ್ಕೆ ಗುಟ್ಟಾಗಿ ಅಂಟಿಸುವುದು ಬೀದಿಯಲ್ಲಿ ನಿಂತು ನೋಡುವುದಕ್ಕಿಂತ ಎಷ್ಟೋ ಹೆಚ್ಚಿನ ಅತಿಕ್ರಮಣ.

ನಮ್ಮ ದೇಶದಲ್ಲಿ ಮದುವೆಗೆ ಮೊದಲು ವರನ ನಡತೆ ವಿಚಾರಿಸುವುದರಿಂದ ಹಿಡಿದು ಕಂಪನಿಯ ನೌಕರರ ಹಿನ್ನೆಲೆ ತಿಳಿಯುವವರೆಗೆ ಇಂಥ ತಂಡಗಳಿಗೆ ಕೆಲಸವಿದೆ. ಹಿಂದೆ ಇದನ್ನು ಸೋದರಮಾವ, ಚಿಕ್ಕಪ್ಪ ಮತ್ತು ಊರಿನ ಪುರೋಹಿತರು ಸೇರಿ ಪುಕ್ಕಟೆಯಾಗಿ ಮಾಡುತ್ತಿದ್ದರು, ಅದೂ ಒಂದು ತಂಡವೇ. ಈಗಿನ ತಂಡಕ್ಕೆ ಅದರದೇ ಆದ ಕಾಯ್ದೆಯಿಲ್ಲ. ಮನೆ ಮತ್ತು ಕಚೇರಿಯ ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಪತ್ತೇದಾರಿ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾನೂನಾಗಲೇ ಇಲ್ಲ, ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಪತ್ತೇದಾರನಾಗಲು 6,000 ಗಂಟೆಗಳ ಅನುಭವ ತೋರಿಸಬೇಕು. ಇಲ್ಲಿ ನಾಮಫಲಕ ಸಾಕು. ತಂಡದಲ್ಲಿ ದಿನಗೂಲಿಗೆ ಬಂದ ಹುಡುಗ ತೆಗೆದ ಫೋಟೊ ಯಾರ ಬಳಿ ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವ ಪರವಾನಗಿ ಅಧಿಕಾರಿ ಇಲ್ಲ. 2018ರಲ್ಲಿ ಮಹಾರಾಷ್ಟ್ರದ ಠಾಣೆ ಪೊಲೀಸರು ಮೊಬೈಲ್ ಕರೆಗಳ ವಿವರಗಳನ್ನು ಅಕ್ರಮವಾಗಿ ಕೊಂಡು ಮಾರಿದ ಆರೋಪದ ಮೇಲೆ ಹಲವು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಅಂಚಿನಿಂದ ಮುಟ್ಟಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡ-ಹೆಂಡತಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಮಾತುಗಳನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಒಬ್ಬರ ಮೇಲೊಬ್ಬರು ಬೇಹು ನಡೆಸುವ ಮಟ್ಟಕ್ಕೆ ದಾಂಪತ್ಯ ಇಳಿದಿದ್ದರೆ ಅದೇ ಸಂಬಂಧ ಮುರಿದಿರುವ ಲಕ್ಷಣ ಎಂದೂ ಹೇಳಿತು. ಆ ಪ್ರಕರಣದಲ್ಲಿ ಧ್ವನಿಮುದ್ರಿಸಿದ್ದು ಗಂಡನೇ. ಗಂಡನ ಪರವಾಗಿ ಮೂರು ತಿರುವುಗಳಲ್ಲಿ ನಿಂತ ಮೂವರು ಅಪರಿಚಿತರ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ.